ಹಸಿ ಅರಿವೆಯ ಮದ್ದು

ವೈಶಾಖದ ಒಂದು ನಡುಹಗಲು, ಎರೆಯ ನೆಲವು ಬಾಯ್ದೆರೆದು ಬಿರುಕುಬಿಟ್ಟಿದ್ದ ಹೊಲಗಳ ನಡುವೆ ಕಲಬುರಗಿಯಿಂದ ಅಫಜಲಪುರಕ್ಕೆ ಸಾಗುವ ದಾರಿಯಲ್ಲಿ, ಚೌಡಾಪುರದಲ್ಲಿ ಚಹ ಕುಡಿಯಲೆಂದು ಕಾಲು ಗಂಟೆ ನಿಲ್ಲಿಸಿದ್ದ ನಮ್ಮ ಹಳೆಯ ಪೆಟ್ರೋಲ್ ಕಾರು, ಮರಳಿ ಹೊರಡುವೆವೆಂದಾಗ ಹೊರಡಲೊಲ್ಲದೆ ಹೋಯಿತು. ಟಾಂಕಿಯಲ್ಲಿ ಅರ್ಧಕ್ಕೂ ಮಿಗಿಲಾಗಿ ಪೆಟ್ರೋಲಿತ್ತು, ಬ್ಯಾಟರಿಗೆ ದಣಿವಿರಲಿಲ್ಲ, ಸ್ಟಾರ್ಟರು ಗರಗರನೆ ತಿರುಗುತ್ತಿತ್ತು, ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿಯೂ ಹಾರುತ್ತಿತ್ತು. ಗಾಣಗಾಪುರದ ದತ್ತದರ್ಶನವನ್ನು ಸಂಜೆಯೊಳಗೆ ಮುಗಿಸಬೇಕೆಂದು ಮನೆಯವರೆಲ್ಲ ಒಳಗೆ ಕುಳಿತು ಬೆವರುತ್ತಿದ್ದರೆ, ಅಲ್ಲಿಯವರೆಗೆ ನಿರಾಯಾಸವಾಗಿ ಓಡಿಬಂದಿದ್ದ ವಾಹನವು, ನೆರಳಿಲ್ಲದ ಕಡೆ ತನ್ನನ್ನು ನಿಲ್ಲಿಸಿದುದೇ ಅಪರಾಧವೆಂಬಂತೆ ಮುನಿಸಿಕೊಂಡು ನಿಂತಿತು.

ಪಕ್ಕದ ತಗಡಿನ ಗ್ಯಾರೇಜಿನಿಂದ ವೃದ್ಧ ಮಿಸ್ತ್ರಿಯೊಬ್ಬನು ಎದ್ದುಬಂದನು. ಅಲ್ಲಿಯ ಹುಡುಗರು ಆತನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಬಾನೆಟ್ಟನ್ನು ಎತ್ತಿ ಒಮ್ಮೆ ಇಣುಕಿದನು. ಯಾವ ಪಾನಾವನ್ನೂ ಕೈಗೆತ್ತಿಕೊಳ್ಳಲಿಲ್ಲ. ಹೋಟೆಲಿನ ಹರವಿಯಿಂದ ಒಂದು ತಂಬಿಗೆ ನೀರು ತರಿಸಿ, ಹೆಗಲ ಮೇಲಿನ ಟವೆಲ್ಲನ್ನು ಅದರಲ್ಲಿ ತೋಯಿಸಿ, ಪೂರ್ತಿ ಹಿಂಡದೆ, ಇಂಜಿನ್ನಿನ ಮಗ್ಗುಲಿಗೆ ಉಣ್ಣೆಯಂತೆ ಅಂಟಿಕೊಂಡಿರುವ ಮುಷ್ಟಿಗಾತ್ರದ ಪೆಟ್ರೋಲ್ ಪಂಪಿಗೆ ಸುತ್ತಿದನು.

“ಏನಿಲ್ರೀ ಸಾಹೇಬ್ರ, ಏರ್ ಹಿಡದದ. ಹತ್ ಮಿನಿಟ್ ನೆಳ್ಳಾಗ ಕೂಡ್ರಿ, ತಾನ ಚಾಲೂ ಆಗ್ತದ.”

ಹತ್ತು ಮಿನಿಟು ಕಳೆಯಿತು. ಕಾರು ಚಾಲೂ ಆಯಿತು. ಆತನು ಟವೆಲ್ಲನ್ನು ಝಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡನು. ಹಣ ಕೊಡಹೋದರೆ ಚಹಕ್ಕೆ ಮಾತ್ರ ಒಪ್ಪಿದನು. ಬಿಸಿಲುಸೀಮೆಯಲ್ಲಿ ಹಳೆಯ ಕಾರುಗಳನ್ನು ಓಡಿಸಿದವರಲ್ಲಿ ಈ ಮದ್ದನ್ನು ಅರಿಯದವರು ವಿರಳ. ಆದರೆ ಅದು ಏಕೆ ಫಲಿಸುತ್ತದೆಂದು ಕೇಳಿದರೆ, ‘ತಂಪು ಮಾಡಿದರೆ ಏರ್ ಹೋಗುತ್ತದೆ’ ಎಂಬುದರಾಚೆಗೆ ಮಾತು ಸಾಗುವುದಿಲ್ಲ. ಗಾಳಿಯು ತಂಪಾದರೆ ಕುಗ್ಗೀತೇ ಹೊರತು ಎಲ್ಲಿಗೂ ಹೋಗಲಾರದು. ಹಾಗಿದ್ದಮೇಲೆ ಪಂಪಿನೊಳಗೆ ಹಿಡಿದಿದ್ದುದು ಏನು?

ನೂರು ಡಿಗ್ರಿಯೆಂಬ ಅರ್ಧಸತ್ಯ

ನೀರು ನೂರು ಡಿಗ್ರಿಯಲ್ಲಿ ಕುದಿಯುವುದೆಂದು ನಾವೆಲ್ಲರೂ ಶಾಲೆಯಲ್ಲಿ ಉರುಹಾಕಿದವರೇ. ಆ ವಾಕ್ಯಕ್ಕೆ ಸೇರಿದ್ದ ‘ಸಮುದ್ರಮಟ್ಟದಲ್ಲಿ’ ಎಂಬ ಪದವನ್ನು ಪರೀಕ್ಷೆ ಮುಗಿದೊಡನೆ ಮರೆತೆವು. ಮರೆಯಬೇಕಾದುದನ್ನು ನೆನಪಿಟ್ಟು ನೆನಪಿಡಬೇಕಾದುದನ್ನು ಮರೆತೆವೆಂದರೂ ತಪ್ಪಾಗದು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ನೀರು 98.5 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94 ಡಿಗ್ರಿಯಷ್ಟಾದರೂ ಸಾಕು. ನೀರು ಅದೇ, ಬೆಂಕಿಯೂ ಅದೇ. ಬೇರೆಯಾದುದು ಮೇಲಿನ ಗಾಳಿಯ ಭಾರವೊಂದೇ.

ಶಾಲೆಯ ಮಾತು ಬಂದುದರಿಂದ ಶಾಲೆಯ ಬಾಗಿಲನ್ನೇ ನೆನೆಯೋಣ. ಸಂಜೆಯ ಗಂಟೆ ಬಾರಿಸುವ ಹೊತ್ತು. ಒಳಗೆ ಹುಡುಗರ ಗುಂಪು ಹೊರಹೋಗಲು ಕದವನ್ನು ದೂಡುತ್ತಿದೆ. ಹೊರಗೆ ಮಾಸ್ತರರೊಬ್ಬರು ಅದೇ ಕದವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಾರೆ. ದ್ರವದೊಳಗಿನ ಕಣಗಳು ಆ ಹುಡುಗರಂತೆ. ಕಾವು ಏರಿದಂತೆ ಅವರ ನೂಕಾಟ ಹೆಚ್ಚುತ್ತದೆ. ಈ ಒಳನೂಕಿಗೆ ‘ಆವಿಯೊತ್ತಡ’ ಎನ್ನೋಣ. ಇಂಗ್ಲಿಷಿನವರ ವೇಪರ್ ಪ್ರೆಶರ್ ಎಂಬುದು ಇದೇ. ಮಾಸ್ತರರ ಅಂಗೈಯೆಂಬುದು ದ್ರವದ ಮೇಲೆ ಕೂತಿರುವ ಹೊರಗಿನ ಒತ್ತಡ. ಒಳನೂಕು ಹೊರಗಿನ ಅಂಗೈಗೆ ಸಮನಾದ ಕ್ಷಣದಲ್ಲಿ ಕದ ತೆರೆಯುತ್ತದೆ. ಅಲ್ಲಿಯವರೆಗೆ ಮೇಲ್ಮೈಯಿಂದ ಮಾತ್ರ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಕಣಗಳು ಆಗ ದ್ರವದ ನಟ್ಟನಡುವೆಯೇ ಗುಳ್ಳೆಗಳಾಗಿ ಎದ್ದುನಿಲ್ಲುತ್ತವೆ. ಇದನ್ನೇ ನಾವು ಕುದಿ ಎನ್ನುವುದು.

ಹಾಗಾದಮೇಲೆ ಈ ಕದ ತೆರೆಯಲು ದಾರಿಗಳು ಎರಡಾದುವಷ್ಟೆ. ಹುಡುಗರು ಇನ್ನಷ್ಟು ಜೋರಾಗಿ ನೂಕಬಹುದು, ಎಂದರೆ ಕಾವನ್ನು ಏರಿಸಬಹುದು. ಅಥವಾ ಹುಡುಗರು ಇದ್ದಂತೆಯೇ ಇರಲು, ಮಾಸ್ತರರು ಕೈಯನ್ನು ಸಡಿಲಿಸಬಹುದು. ಮೊದಲನೆಯ ದಾರಿಯನ್ನು ಒಲೆಯ ಮುಂದೆ ದಿನವೂ ಕಾಣುವ ನಾವು ಎರಡನೆಯದನ್ನು ಕಂಡರೂ ಗುರುತಿಸುವುದಿಲ್ಲ.

ಅಂಗೈಯಲ್ಲಿ ಕುದಿದ ನೀರು

ಆ ಉಸ್ತಾದನಿಗೆ ನನ್ನ ವಿವರಣೆ ರುಚಿಸಲಿಲ್ಲ. ಬೆಂಕಿಯಿಲ್ಲದೆ ಕುದಿಯುವ ನೀರನ್ನು ತಾನು ಈವರೆಗೆ ಕಂಡಿಲ್ಲವೆಂದು, ಮುಂದಿನ ಸಲ ಅದೇ ದಾರಿಯಲ್ಲಿ ಸಿಕ್ಕಾಗ, ನಗುತ್ತಲೇ ಹೇಳಿದನು. ಹತ್ತಿರದ ಔಷಧದ ಅಂಗಡಿಯಿಂದ ಸೂಜಿಯಿಲ್ಲದ ಒಂದು ಸಿರಿಂಜನ್ನು ತರಿಸಿದೆ. ಚಹದ ಹೋಟೆಲಿನಲ್ಲಿ ಗ್ಲಾಸು ತೊಳೆಯಲೆಂದು ಇಟ್ಟಿದ್ದ, ಕೈಯಿಟ್ಟರೆ ಚುರುಕೆನ್ನುವಷ್ಟು ಬಿಸಿಯಾದ, ಆದರೆ ಕುದಿಯಿಂದ ಬಹುದೂರವಿದ್ದ ನೀರನ್ನು ಅದರೊಳಗೆ ಒಂದು ಬೆರಳುಗಣ್ಣಿನಷ್ಟು ಎಳೆದುಕೊಂಡು, ಒಳಗುಳಿದ ಗಾಳಿಯನ್ನು ಹೊರದೂಡಿ, ಮೂತಿಯನ್ನು ಹೆಬ್ಬೆರಳಿನಿಂದ ಭದ್ರವಾಗಿ ಮುಚ್ಚಿ, ಹಿಡಿಯನ್ನು ಬಲವಾಗಿ ಹಿಂದಕ್ಕೆ ಎಳೆದೆ. ನೀರಿನೊಳಗೆ ಸಾಸಿವೆಕಾಳಿನಂಥ ಗುಳ್ಳೆಗಳು ಎದ್ದುವು. ಎದ್ದುವೇನು, ಗಳಗಳನೆ ಕುಣಿದುವು. ಹಿಡಿಯನ್ನು ಬಿಟ್ಟೊಡನೆ ಅವು ಮಾಯವಾದುವು, ನೀರು ಸುಮ್ಮನೆ ಮೊದಲಿನಂತೆ ಕೂತಿತು.

“ಅರೆ! ಒಲಿ ಇಲ್ದ ಕುದಿತದಲ್ರೀ!” ಎಂದು ಉಸ್ತಾದನು ಸಿರಿಂಜನ್ನು ನನ್ನ ಕೈಯಿಂದ ಕಸಿದುಕೊಂಡು, ಗ್ಯಾರೇಜಿನ ಹುಡುಗರನ್ನೆಲ್ಲ ಕರೆದು ಏಳೆಂಟು ಬಾರಿ ಎಳೆದು ತೋರಿಸಿದನು. ಓದುಗರು ತಮ್ಮ ಮನೆಯಲ್ಲೂ ಮಾಡಿ ನೋಡಬಹುದು; ಮಕ್ಕಳ ಕೈಗೆ ಮಾತ್ರ ಬಿಸಿನೀರನ್ನು ಕೊಡಬಾರದು.

ಹಿಡಿಯನ್ನು ಎಳೆದಾಗ ಏನಾಯಿತೆಂಬುದನ್ನು ಗಮನಿಸಬೇಕು. ನೀರಿನ ಬಿಸಿ ಎಳ್ಳಷ್ಟೂ ಹೆಚ್ಚಲಿಲ್ಲ. ಅದರ ಮೇಲಿದ್ದ ಅಂಗೈ ಮಾತ್ರ ಸರಿಯಿತು. ಮೆತ್ತಗೆ ನೂಕುತ್ತಿದ್ದ ಹುಡುಗರಿಗೂ ಕದ ತೆರೆದುಕೊಂಡಿತು.

ಹಾರನ್ನಿನ ಬುಗುಟೆ

ಈಗ ಪಂಪಿನ ಬಳಿಗೆ ಬರೋಣ. ಅಂಬಾಸಡರ್, ಪದ್ಮಿನಿ ಮೊದಲಾದ ಕಾರ್ಬುರೇಟರ್ ಕಾಲದ ಕಾರುಗಳಲ್ಲಿ ಪೆಟ್ರೋಲಿನ ಟಾಂಕಿ ಹಿಂದೆ, ಇಂಜಿನ್ನು ಮುಂದೆ. ಹಿಂದಿನದನ್ನು ಮುಂದಕ್ಕೆ ಎಳೆದು ತರುವ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತಿತ್ತು. ಅದರೊಳಗೆ ತಮಟೆಯ ಚರ್ಮದಂತೆ ಬಿಗಿದ ಒಂದು ತೆಳುವಾದ ಪೊರೆ; ಇಂಜಿನ್ನು ತಿರುಗಿದಂತೆಲ್ಲ ಒಂದು ಸನ್ನೆಗೋಲು ಆ ಪೊರೆಯನ್ನು ಕೆಳಕ್ಕೆ ಜಗ್ಗುವುದು, ಸ್ಪ್ರಿಂಗು ಅದನ್ನು ಮೇಲಕ್ಕೆ ನೂಕುವುದು. ಜಗ್ಗಿದಾಗ ಪೆಟ್ರೋಲು ಒಳಬರುತ್ತದೆ, ನೂಕಿದಾಗ ಕಾರ್ಬುರೇಟರಿಗೆ ಹೋಗುತ್ತದೆ. ಜಗ್ಗುವುದೆಂದರೆ ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದಂತೆಯೇ: ಪಂಪಿನೊಳಗಣ ಪೆಟ್ರೋಲಿನ ಮೇಲಿನ ಅಂಗೈ ಪ್ರತಿ ಎಳೆತಕ್ಕೂ ಒಂದಿಷ್ಟು ಸಡಿಲುತ್ತದೆ.

ಇನ್ನು ಪೆಟ್ರೋಲೋ, ನೀರಿನಂತೆ ಏಕಜಾತಿಯ ದ್ರವವಲ್ಲ. ನೂರಾರು ಬಗೆಯ ದ್ರವಗಳು ಬೆರೆತ ಸಂತೆ. ಅದರಲ್ಲಿ 200 ಡಿಗ್ರಿಯವರೆಗೂ ಜಗ್ಗದ ಭಾರದ ಆಸಾಮಿಗಳಿರುವಂತೆ, 35–40 ಡಿಗ್ರಿಗೇ ಎದ್ದು ಹೊರಡುವ ಹಗುರ ಕಾಲಿನವರೂ ಇದ್ದಾರೆ. ಚಳಿಯಲ್ಲಿ ಇಂಜಿನ್ನು ಸುಲಭವಾಗಿ ಹೊತ್ತಿಕೊಳ್ಳಲು ಈ ಹಗುರದವರು ಬೇಕೇ ಬೇಕು. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಬೇಸಗೆಯಲ್ಲಿ ನೆರಳಿನ ಕಾವೇ 40 ಡಿಗ್ರಿಯನ್ನು ದಾಟಿ ನಿಲ್ಲುವುದರಿಂದ, ಅವರು ಟಾಂಕಿಯಲ್ಲಿರುವಾಗಲೇ ಕದದ ಬಳಿ ಸಾಲುಗಟ್ಟಿರುತ್ತಾರೆ.

ಕಾರು ಓಡುತ್ತಿರುವಾಗ ತೊಂದರೆಯಿಲ್ಲ. ಫ್ಯಾನಿನ ಗಾಳಿ ಬೀಸುತ್ತದೆ, ಹಿಂದಿನಿಂದ ಹೊಸ ಪೆಟ್ರೋಲು ಹರಿದುಬಂದು ಪಂಪನ್ನು ತಣಿಸುತ್ತ ಮುಂದೆ ಹೋಗುತ್ತದೆ. ಅನರ್ಥ ಆರಂಭವಾಗುವುದು ಚಹಕ್ಕೆ ನಿಲ್ಲಿಸಿದಾಗ. ಗಾಳಿಯೂ ನಿಂತಿತು, ಹರಿವೂ ನಿಂತಿತು. 90 ಡಿಗ್ರಿಯ ಆಸುಪಾಸಿನಲ್ಲಿ ಕಾದಿರುವ ಬೀಡುಕಬ್ಬಿಣದ ಇಂಜಿನ್ನು ಮಾತ್ರ, ಒಲೆಯಾರಿಸಿದ ಮೇಲೂ ಬಿಸಿಯುಳಿಸಿಕೊಳ್ಳುವ ರೊಟ್ಟಿಯ ಹಂಚಿನಂತೆ, ತನ್ನ ಕಾವನ್ನು ನಿಧಾನವಾಗಿ ಪಂಪಿಗೆ ಇಳಿಸುತ್ತದೆ. ಆದುದರಿಂದ ನಿಂತ ಕಾಲು ಗಂಟೆಯಲ್ಲಿ ಪಂಪು ಓಡುವಾಗಿನದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಒಳಗಿನ ಪೆಟ್ರೋಲು ಆವಿಯಾಗಿ ಪಂಪಿನ ಹೊಟ್ಟೆಯನ್ನು ತುಂಬುತ್ತದೆ. ಮತ್ತೆ ಸ್ಟಾರ್ಟರನ್ನು ತಿರುಗಿಸಿದಾಗ ಪೊರೆಯು ಜಗ್ಗುತ್ತದೆ, ಆವಿ ಹಿಗ್ಗುತ್ತದೆ. ಪೊರೆಯು ನೂಕುತ್ತದೆ, ಆವಿ ಕುಗ್ಗುತ್ತದೆ. ಸೈಕಲ್ ರಿಕ್ಷಾದ ಹಾರನ್ನಿನ ರಬ್ಬರ್ ಬುಗುಟೆಯ ಬಾಯನ್ನು ಮುಚ್ಚಿ ಎಷ್ಟು ಸಲ ಅದುಮಿದರೇನು? ಪೆಟ್ರೋಲಿನ ಒಂದು ತೊಟ್ಟೂ ಮುಂದೆ ಸರಿಯದು. ಇಂಗ್ಲಿಷಿನಲ್ಲಿ ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ‘ಆವಿಬಿಗಿತ’ ಎಂದರೆ ನಮಗೆ ಸಾಕು. ಕೆಲವು ಹಳೆಯ ಜೀಪುಗಳ ಪಂಪಿಗೆ ಗಾಜಿನ ಬಟ್ಟಲೊಂದು ಇರುತ್ತಿತ್ತಾಗಿ, ಅದರೊಳಗೆ ಗುಳ್ಳೆಗಳೇಳುವುದನ್ನು ಕಣ್ಣಾರೆ ಕಂಡವರೂ ಉಂಟು. ಗುಳ್ಳೆಯನ್ನು ಕಂಡು ಅದನ್ನು ಗಾಳಿಯೆಂದೇ ಬಗೆದುದರಿಂದ ‘ಏರ್ ಹಿಡಿದದ’ ಎಂಬ ಮಾತು ಹುಟ್ಟಿರಬೇಕು. ಹೆಸರಿಟ್ಟುದು ತಪ್ಪು, ಕೊಟ್ಟ ಮದ್ದು ಸರಿ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಹೀಗೆ ಆದುದುಂಟು.

ಮದ್ದು ಸರಿಯೇಕೆಂದರೆ, ಗಾಳಿಯಂತಲ್ಲದೆ ಆವಿಗೆ ಮರಳಿ ದ್ರವವಾಗುವ ಗುಣವಿದೆ. ಪಂಪು ಹತ್ತಿಪ್ಪತ್ತು ಡಿಗ್ರಿ ತಣಿದರೆ ಹುಡುಗರ ನೂಕಾಟ ಇಳಿಯುತ್ತದೆ, ಕದ ತಾನಾಗಿ ಮುಚ್ಚಿಕೊಳ್ಳುತ್ತದೆ. ತಣಿಸಲು ಒಂದು ತಂಬಿಗೆ ನೀರನ್ನು ಸುರಿದುಬಿಡದೆ ಅರಿವೆಯನ್ನೇಕೆ ಸುತ್ತಿದನು? ಸುರಿದ ನೀರು ಕ್ಷಣಮಾತ್ರದಲ್ಲಿ ಜಾರಿ ನೆಲ ಸೇರುವುದು; ಅರಿವೆಯಲ್ಲಿ ನಿಂತ ನೀರು ಆವಿಯಾಗುತ್ತ ಹೋಗುವುದು. ಒಂದು ಗ್ರಾಂ ನೀರು ಹೀಗೆ ಆವಿಯಾಗುವಾಗ ಹೊತ್ತೊಯ್ಯುವ ಶಾಖವು, ಅರ್ಧ ಕಿಲೋಗ್ರಾಮಿಗೂ ಮಿಗಿಲಾದ ನೀರನ್ನು ಒಂದು ಡಿಗ್ರಿ ತಣಿಸಲು ಸಾಕಾಗುವಷ್ಟು. ಹೋಟೆಲಿನ ಹರವಿಯ ನೀರು ವೈಶಾಖದಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುವುದೂ ಇದೇ ವ್ಯಾಪಾರದಿಂದ. ಈ ವ್ಯಾಪಾರಕ್ಕೆ ಒಣಗಾಳಿ ಬೇಕು. ಕಲಬುರಗಿ ಸೀಮೆಯ ಬೇಸಗೆಯಲ್ಲಿ ಅದಕ್ಕೇನೂ ಬರವಿಲ್ಲ. ಅದೇ ಟವೆಲ್ಲನ್ನು ಮಂಗಳೂರಿನ ಗಾಳಿಯಲ್ಲಿ ಸುತ್ತಿದ್ದರೆ ಉಸ್ತಾದನು ಹತ್ತು ಮಿನಿಟಿನ ಭರವಸೆ ಕೊಡುತ್ತಿದ್ದನೋ ಇಲ್ಲವೋ, ನನಗೆ ಅನುಮಾನ.

ಹನ್ನೊಂದು ಕೊಡ ಆವಿ

ಮಾಸ್ತರರ ಕೈ ಸಡಿಲಿದುದರ ಕಥೆ ಇದಾದರೆ, ಬಿಗಿಯಾದುದರ ಕಥೆಯು ರೇಡಿಯೇಟರಿನಲ್ಲಿದೆ.

ಯಾವುದಾದರೊಂದು ಕಾರಿನ ರೇಡಿಯೇಟರಿನ ಮುಚ್ಚಳವನ್ನು, ಇಂಜಿನ್ನು ಪೂರ್ತಿ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ, ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿರಿ. ನೆತ್ತಿಯ ಮೇಲೆ 0.9 ಎಂದೋ 1.1 ಎಂದೋ ಒಂದು ಅಂಕೆಯಿರುತ್ತದೆ. ಕೆಳಗೆ ರಬ್ಬರಿನ ಬಿಲ್ಲೆ, ಅದರ ಹಿಂದೆ ಒಂದು ಬಿರುಸಾದ ಸ್ಪ್ರಿಂಗು. ಈ ಸ್ಪ್ರಿಂಗೇ ನಮ್ಮ ಮಾಸ್ತರರು. ಒಳಗಿನ ಒತ್ತಡವು ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಮಿನಷ್ಟು ಹೆಚ್ಚಾಗುವವರೆಗೂ ಅವರು ಕದ ಬಿಡುವುದಿಲ್ಲ. ಅದರ ಫಲವಾಗಿ ಒಳಗಿನ ನೀರು 98ಕ್ಕೆ ಕುದಿಯದೆ ಸುಮಾರು 118 ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತದೆ. ಮನೆಯ ಕುಕ್ಕರಿನಲ್ಲಿ ತೊಗರಿಬೇಳೆ ಬೇಗ ಬೇಯುವುದೂ ಇದೇ ಯುಕ್ತಿಯಿಂದ; ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಡೆನಿ ಪ್ಯಾಪಿನ್ ಎಂಬಾತನು 1679ರಲ್ಲಿ ಲಂಡನ್ನಿನಲ್ಲಿ ಮೂಳೆಗಳನ್ನೂ ಮೆತ್ತಗೆ ಬೇಯಿಸುವ ಇಂಥದೊಂದು ಪಾತ್ರೆಯನ್ನು ತೋರಿಸಿ, ಅದು ಸಿಡಿಯದಿರಲೆಂದು ಮುಚ್ಚಳಕ್ಕೆ ಭಾರದ ಕವಾಟವನ್ನೂ ಜೋಡಿಸಿದನು. ಕುಕ್ಕರಿನ ಶಿಳ್ಳೆ, ರೇಡಿಯೇಟರಿನ ಮುಚ್ಚಳ, ಎರಡೂ ಆ ಕವಾಟದ ಸಂತತಿಯೇ.

ಈಗ ಕಬ್ಬು ಹೇರಿದ ಎರಡೆರಡು ಟ್ರಾಲಿಗಳ ಟ್ರ್ಯಾಕ್ಟರಿನ ಹಿಂದೆ, ದಾಟಿ ಮುಂದೆ ಹೋಗಲು ಜಾಗವಿಲ್ಲದೆ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಮೈಲುಗಟ್ಟಲೆ ತೆವಳಿದ ಕಾರೊಂದನ್ನು ಊಹಿಸಿರಿ. ವೇಗವಿಲ್ಲದುದರಿಂದ ಗಾಳಿಯಿಲ್ಲ; ಮೀಟರಿನ ಮುಳ್ಳು ಕೆಂಪುಗೆರೆಯ ಬಳಿ ಬಂದಿದೆ; ಒಳಗಿನ ನೀರು 110 ಡಿಗ್ರಿಯಲ್ಲಿದೆ, ಆದರೂ ಕುದಿಯುತ್ತಿಲ್ಲ. ಚಾಲಕನು ಗಾಬರಿಗೊಂಡು ನಿಲ್ಲಿಸಿ, ನೀರಿದೆಯೋ ಇಲ್ಲವೋ ನೋಡೋಣವೆಂದು ಮುಚ್ಚಳವನ್ನು ತಿರುಗಿಸುತ್ತಾನೆ. ಅದೇ ಗಳಿಗೆಯಲ್ಲಿ ಅಂಗೈ ಸರಿಯಿತು, 98.5ಕ್ಕೆ ಕುದಿಯಬೇಕಾದ ನೀರಿನ ಬಳಿ ಹನ್ನೊಂದು ಡಿಗ್ರಿಗೂ ಮಿಗಿಲಾದ ಹೆಚ್ಚುವರಿ ಕಾವು ಗಂಟುಕಟ್ಟಿಕೊಂಡು ಕುಳಿತಿದೆ. ಲೆಕ್ಕ ಹಾಕಿದರೆ, ಐದು ಲೀಟರ್ ನೀರಿನಲ್ಲಿ ಐವತ್ತರಲ್ಲೊಂದು ಪಾಲು, ಎಂದರೆ ಸುಮಾರು 100 ಗ್ರಾಂ, ಕೆಲವೇ ಕ್ಷಣಗಳಲ್ಲಿ ಆವಿಯಾಗಬೇಕು. ನೂರು ಗ್ರಾಂ ಎಂದರೆ ಅರ್ಧ ಲೋಟವಲ್ಲವೇ ಎಂದು ಹಗುರವಾಗಿ ಎಣಿಸಬಾರದು. ಆ ಅರ್ಧ ಲೋಟ ನೀರು ಆವಿಯಾದರೆ 160–170 ಲೀಟರ್ ಜಾಗ ಬೇಡುತ್ತದೆ. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಹನ್ನೊಂದು ಕೊಡ! ಅಷ್ಟೂ ಆ ಎರಡು ಬೆರಳಗಲದ ಬಾಯಿಯಿಂದ, ಮಿಕ್ಕ ಕುದಿನೀರನ್ನು ಮುಂದೆ ತಳ್ಳಿಕೊಂಡು ಹೊರಡುತ್ತದೆ. ಮುಂಗೈಯಿಂದ ಮೊಣಕೈವರೆಗೆ ಬೆಂದ ಗುರುತುಳ್ಳ ಮಿಸ್ತ್ರಿಗಳನ್ನು ನಾನು ಆಳಂದದಲ್ಲೂ ಜೇವರ್ಗಿಯಲ್ಲೂ ಕಂಡಿದ್ದೇನೆ. ಅವರೊಬ್ಬರೂ ಎರಡನೆಯ ಸಲ ಬಿಸಿ ಮುಚ್ಚಳವನ್ನು ಮುಟ್ಟಿದವರಲ್ಲ.

ಕಾದ ಇಂಜಿನ್ನನ್ನು ಥಟ್ಟನೆ ಆರಿಸುವುದೂ ಅವಿವೇಕವೇ. “ಬಂದ್ ಮಾಡಬ್ಯಾಡ್ರಿ, ಹಂಗ ನಿಲ್ಲಿಸಿ ಓಡ್ಲಿಕ್ಕಿ ಬಿಡ್ರಿ” ಎಂದು ಅಲ್ಲಿಯ ಅನುಭವಿಗಳು ಹೇಳುವುದುಂಟು. ನೀರಿರುವವರೆಗೆ ಅದು ಸರಿಯಾದ ಮಾತು: ಆರಿಸಿದೊಡನೆ ನೀರು ತಿರುಗಿಸುವ ಪಂಪು ನಿಲ್ಲುತ್ತದೆ, ಹಳೆಯ ಕಾರುಗಳಲ್ಲಿ ಫ್ಯಾನೂ ನಿಲ್ಲುತ್ತದೆ, ಸಿಲಿಂಡರಿನ ಸುತ್ತಣ ನೀರು ಅಲ್ಲೇ ನಿಂತು ಕಬ್ಬಿಣದ ಕಾವನ್ನೆಲ್ಲ ಹೀರುತ್ತದೆ. ಆದರೆ ಪೈಪು ಒಡೆದು ನೀರೆಲ್ಲ ಹರಿದುಹೋಗಿದ್ದರೆ, ಅಥವಾ ಮುಳ್ಳು ಕೆಂಪುಗೆರೆಯನ್ನು ದಾಟಿಯೇಬಿಟ್ಟಿದ್ದರೆ, ಆರಿಸದೆ ಗತ್ಯಂತರವಿಲ್ಲ.

ಅಲ್ಲಿಯ ಇನ್ನೊಂದು ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಇಂಜಿನ್ನು ತಕ್ಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದಿಡುವ ಥರ್ಮೋಸ್ಟಾಟ್ ಎಂಬ ಕವಾಟವನ್ನು, ‘ನಮ್ಮ ಬಿಸಿಲಿಗೆ ಇದ್ಯಾಕ’ ಎಂದು ಕಿತ್ತೊಗೆಯುವುದು. ಹಾಗೆ ಕಿತ್ತ ಇಂಜಿನ್ನು ಬೆಳಗಿನ ಹೊತ್ತು ಬೇಕಾದ ಬಿಸಿಗೆ ಬರಲು ಬಹಳ ತಡೆಯುತ್ತದೆ, ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ನಿಜವಾದ ಅಪರಾಧಿ ಬೇರೆಲ್ಲೋ ಇರುತ್ತದೆ. ಅನೇಕ ಬಾರಿ ಅದು ಬೋರ್‌ವೆಲ್ಲಿನ ಗಡಸು ನೀರು. ಹಂಡೆಯ ತಳದಲ್ಲಿ ಬಿಳಿಯ ಪೊರೆಯಾಗಿ ಕೂರುವ ಸುಣ್ಣದಂಶವು ರೇಡಿಯೇಟರಿನ ಕಡ್ಡಿಯಷ್ಟು ತೆಳ್ಳನೆಯ ನಾಳಗಳಲ್ಲಿ ಕೂತರೆ, ಶಾಖವು ಹೊರಬರಲು ಹಾದಿಯೇ ಇರುವುದಿಲ್ಲ. ಹಸಿರೋ ಕೆಂಪೋ ಬಣ್ಣದ ಕೂಲೆಂಟನ್ನು ಶುದ್ಧಜಲದೊಡನೆ ಹದವಾಗಿ ಬೆರೆಸಿ ಹಾಕಿದರೆ ಈ ಪೊರೆಯೂ ಕಟ್ಟದು, ತುಕ್ಕೂ ಹಿಡಿಯದು. ಕುದಿಯುವ ಬಿಂದುವೂ ಇನ್ನಾರೇಳು ಡಿಗ್ರಿ ಮೇಲೇರುತ್ತದೆ.

ಚಾರ್ಮಾಡಿಯ ಇಳಿಜಾರು

ಪೆಟ್ರೋಲು, ನೀರುಗಳಂತೆ ಬ್ರೇಕಿನ ಎಣ್ಣೆಯೂ ಕುದಿಯಬಲ್ಲದು; ಭೀಮಾ ನದಿಯ ಬಯಲಿನಲ್ಲಿ ಮಾತ್ರ ಅಂಥ ಸಂದರ್ಭ ಅಪೂರ್ವ. ಕಟ್ಟಿಸಂಗಾವಿಯ ಸೇತುವೆಯ ಇಳಿಜಾರು ಯಾರನ್ನೂ ಅಂಜಿಸದು. ಆದರೆ ಜೇವರ್ಗಿಯ ಕಾರೊಂದು ಧರ್ಮಸ್ಥಳಕ್ಕೆ ಹೊರಟು ಚಾರ್ಮಾಡಿ ಘಾಟಿಯನ್ನು ಇಳಿಯುತ್ತ, ಕಾಲನ್ನು ಬ್ರೇಕಿನಿಂದ ತೆಗೆಯದೆ ಹೋದರೆ, ಚಕ್ರದ ಬಳಿಯ ಎಣ್ಣೆ ಕುದಿಯಬಹುದು. ಹೊಸದಾಗಿ ಡಬ್ಬಿ ಒಡೆದ ಡಾಟ್–4 ಜಾತಿಯ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ತಡೆಯಬೇಕು. ಅದು ಗಾಳಿಯ ತೇವವನ್ನು ಹೀರುತ್ತ ಹೋಗಿ ನೂರಕ್ಕೆ ನಾಲ್ಕು ಪಾಲಿನಷ್ಟು ನೀರನ್ನು ಸೇರಿಸಿಕೊಂಡರೆ 155ರ ಸುಮಾರಿಗೇ ಸೋಲುತ್ತದೆ. ಗಂಭೀರ ಹುಡುಗರ ತರಗತಿಗೆ ಇಬ್ಬರು ತುಂಟರು ಸೇರಿದಂತೆ. ದ್ರವವನ್ನು ಅದುಮಿದರೆ ಕುಗ್ಗದು, ಆವಿಯನ್ನು ಅದುಮಿದರೆ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಚಕ್ರ ನಿಲ್ಲುವುದಿಲ್ಲ. ಪಂಪಿನಲ್ಲಿ ಕಂಡ ಹಾರನ್ನಿನ ಬುಗುಟೆಯೇ ಇಲ್ಲಿಯೂ. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಿಸಬೇಕೆಂಬುದೂ, ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿ ಇಳಿಯಬೇಕೆಂಬುದೂ ಇದಕ್ಕಾಗಿಯೇ.

ಟಾಂಕಿಯೊಳಗಣ ಪಂಪು

ಇಂದಿನ ಬಹುತೇಕ ಪೆಟ್ರೋಲ್ ಕಾರುಗಳ ಪಂಪಿಗೆ ಅರಿವೆ ಸುತ್ತಲು ಹುಡುಕಿದರೆ ಬಾನೆಟ್ಟಿನಡಿ ಅದು ಸಿಕ್ಕದು. ವಿದ್ಯುತ್ತಿನಿಂದ ನಡೆಯುವ ಪಂಪನ್ನು ಹಿಂದಿನ ಟಾಂಕಿಯೊಳಗೆ, ಪೆಟ್ರೋಲಿನಲ್ಲೇ ಮುಳುಗಿಸಿಟ್ಟಿದ್ದಾರೆ. ಅದು ಮುಂದಿನಿಂದ ಜಗ್ಗುವುದಿಲ್ಲ, ಹಿಂದಿನಿಂದ ನೂಕುತ್ತದೆ. ಅದೂ ವಾಯುಮಂಡಲದ ಒತ್ತಡದ ಸುಮಾರು ಮೂರರಷ್ಟು ಹೆಚ್ಚುವರಿ ಬಲದಿಂದ. ಕದದ ಹೊರಗೆ ಈಗ ಒಬ್ಬರಲ್ಲ, ನಾಲ್ವರು ಮಾಸ್ತರರು ನಿಂತಂತಾಯಿತು. ಕಾರ್ಬುರೇಟರು ಹೋಗಿ ಈ ವ್ಯವಸ್ಥೆ ಬಂದಂದಿನಿಂದ ಆವಿಬಿಗಿತದ ಮಾತೇ ಅಪರೂಪವಾಗಿ, ಉಸ್ತಾದನ ಗ್ಯಾರೇಜಿನ ಹುಡುಗರು ಟವೆಲ್ಲಿಗೆ ಬದಲಾಗಿ ಸ್ಕ್ಯಾನರನ್ನು ಹಿಡಿದು ನಿಲ್ಲುತ್ತಾರೆ.

ಆದರೂ ಹಳೆಯ ಕಾರನ್ನು ಮಮತೆಯಿಂದ ಉಳಿಸಿಕೊಂಡವರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅವರ ಪಾಲಿಗೆ ಒಂದು ಹೊಸ ಸಂಗತಿ ಸೇರಿದೆ. ಕಬ್ಬಿನಿಂದ ತೆಗೆದ ಎಥನಾಲನ್ನು ಈಗ ಪೆಟ್ರೋಲಿಗೆ ಬೆರೆಸುತ್ತಿದ್ದಾರಷ್ಟೆ. ಎಥನಾಲ್ ತಾನೊಂದೇ ಇದ್ದಾಗ ಪೆಟ್ರೋಲಿಗಿಂತ ಸಮಾಧಾನಿ. 78 ಡಿಗ್ರಿಯವರೆಗೆ ಕುದಿಯದು. ಅಂಥ ಸಮಾಧಾನಿಯನ್ನು ಸ್ವಲ್ಪ ಬೆರೆಸಿದರೆ ಪೆಟ್ರೋಲಿನ ಆವಿಯೊತ್ತಡ ತಗ್ಗಬೇಕೆಂದು ಯಾರಿಗಾದರೂ ತೋರುತ್ತದೆ. ಆಗುವುದು ವಿಪರೀತ, ಅದು ತುಸು ಏರುತ್ತದೆ. ಎಥನಾಲಿನ ಕಣಗಳು ತಮ್ಮತಮ್ಮೊಳಗೆ ಕೈಹಿಡಿದು ನಿಂತಿರುವವರೆಗೆ ಮಾತ್ರ ಶಾಂತ. ಪೆಟ್ರೋಲಿನ ಸಂತೆಯಲ್ಲಿ ಚದುರಿ ಒಂಟಿಯಾದರೆ ಹಿಡಿದ ಕೈ ತಪ್ಪಿ, ಅವೂ ಕದದ ಕಡೆಗೆ ಓಡುತ್ತವೆ. ಹೋದ ಬೇಸಗೆಯಲ್ಲಿ ಅಫಜಲಪುರದ ದಾರಿಯಲ್ಲಿ ಕಬ್ಬಿನ ಹೊಲವೊಂದರ ಪಕ್ಕ ಬಾನೆಟ್ಟು ತೆರೆದು ನಿಂತಿದ್ದ ಹಳೆಯ ಕಾರೊಂದನ್ನು ಕಂಡೆ. ಕಾರಿನ ಯಜಮಾನನು, ಹೊಲದ ಕಾಲುವೆಯಲ್ಲಿ ತೋಯಿಸಿ ತಂದ ಟವೆಲ್ಲನ್ನು ಪಂಪಿಗೆ ಸುತ್ತಿ, ಬೇವಿನ ನೆರಳಿನಲ್ಲಿ ಕುಳಿತು ಬೀಡಿ ಹಚ್ಚಲು ಹೊರಟವನು, ಏನೋ ನೆನಪಾಗಿ, ಕಾರಿನಿಂದ ಇಪ್ಪತ್ತು ಹೆಜ್ಜೆ ದೂರ ಹೋಗಿ ಹಚ್ಚಿದನು.